ಮನೆಯ ನೇಮಕ್ಕೆ ಕ್ಯಾಮೆರಾ ಬಂದರೆ: ಅಪ್ಪಣೆ ಯಾರದ್ದು?

ಪ್ರಶ್ನೆ: ನಮ್ಮದು ಬೆಳ್ತಂಗಡಿ ಕಡೆಯ ಕುಟುಂಬ. ವರ್ಷಕ್ಕೊಮ್ಮೆ ತರವಾಡು ಮನೆಯಲ್ಲಿ (ಕುಟುಂಬದ ಮೂಲ ಮನೆ) ನಮ್ಮ ದೈವಗಳಾದ ಕಲ್ಲುರ್ಟಿ-ಪಂಜುರ್ಲಿಗೆ ನೇಮ, ಅಂದರೆ ದೈವ ಮೈಮೇಲೆ ಬಂದು ಕುಣಿದು ನುಡಿಯುವ ಆರಾಧನೆ, ನಡೆಯುತ್ತದೆ. ಮೊದಲು ಇನ್ನೂರು ಜನ ಸೇರಿದರೆ ಹೆಚ್ಚು. ಕಳೆದ ಫೆಬ್ರವರಿಯಲ್ಲಿ ಸಾವಿರ ದಾಟಿತು, ಅರ್ಧಕ್ಕರ್ಧ ಗುರುತಿಲ್ಲದವರು. ಮೂರು ಯೂಟ್ಯೂಬ್ ಚಾನೆಲ್‌ನವರು ಬಂದಿದ್ದರು, ಒಂದು ಡ್ರೋನ್ ಕೂಡ ಹಾರಿತು. ಮೂರೇ ದಿನದಲ್ಲಿ ನಮ್ಮ ಪಂಜುರ್ಲಿಯ 30 ಸೆಕೆಂಡಿನ ತುಣುಕಿಗೆ ಸಿನಿಮಾ ಹಾಡು ಸೇರಿಸಿ, ‘ನಿಜವಾದ ಕಾಂತಾರ’ ಎಂದು ಹೆಸರಿಟ್ಟು ಯಾರೋ ಹಾಕಿದ್ದರು. ದೈವ ಕಟ್ಟಿದವರ (ಬಣ್ಣ ಹಚ್ಚಿ ದೈವವಾಗಿ ಕುಣಿದವರ) ಮಗ ಬೇಸರ ಮಾಡಿಕೊಂಡು ಫೋನ್ ಮಾಡಿದ. ಹಿರಿಯ ಮಾವ ಇನ್ನು ಮೊಬೈಲೇ ಬೇಡ ಅನ್ನುತ್ತಾರೆ. ಮುಂಬೈ, ದುಬೈಯಲ್ಲಿ ಇರುವವರು ಲೈವ್ ಬೇಕೆಂದು ಹಟ ಹಿಡಿದಿದ್ದಾರೆ. ಚಿತ್ರೀಕರಣ ಮಾಡಿದರೆ ದೋಷವೇ? ಹೊರಗಿನವರನ್ನು ಕಾನೂನಿನ ಮೂಲಕ ತಡೆಯಬಹುದೇ? ಲೈವ್ ಮಾಡಿದರೆ ಏನು ತೊಂದರೆ? ನಮ್ಮ ಹನ್ನೆರಡು ವರ್ಷದ ಹುಡುಗ ‘ಸಿನಿಮಾದಲ್ಲಿ ಇದಕ್ಕಿಂತ ಚೆನ್ನಾಗಿತ್ತು’ ಅಂದ. ಇದಕ್ಕೆ ಏನು ಹೇಳುವುದು?

ಉತ್ತರ: ಪ್ರಶ್ನೆ ನಾಲ್ಕು ಕೇಳಿದ್ದೀರಿ, ನೋವು ಒಂದೇ. ನಿಮ್ಮ ಅಂಗಳದಲ್ಲಿ ನಡೆದದ್ದು ನಿಮ್ಮ ಕೈ ಮೀರಿ ಹೋಗಿ, ಬೇರೆ ಹೆಸರು ಹೊತ್ತು ನಿಮ್ಮದೇ ಮೊಬೈಲಿಗೆ ವಾಪಸ್ ಬಂತು. ಕರಾವಳಿಯ ಬಹಳಷ್ಟು ಮನೆಗಳಲ್ಲಿ ಈಗ ಇದೇ ಜಗಳ ನಡೆಯುತ್ತಿದೆ: ಒಂದು ಕಡೆ ‘ಮೊಬೈಲ್ ಬೇಡ’, ಇನ್ನೊಂದು ಕಡೆ ‘ಲೈವ್ ಬೇಕು’. ಎರಡೂ ಕಡೆಯವರು ಕ್ಯಾಮೆರಾದ ಬಗ್ಗೆ ಮಾತಾಡುತ್ತಿದ್ದಾರೆ. ತೀರ್ಮಾನ ಆಗಬೇಕಾದದ್ದು ಅಪ್ಪಣೆಯ ಬಗ್ಗೆ. ಯಾವ ಹೊತ್ತಿನದ್ದನ್ನು, ಯಾರು, ಯಾರಿಗಾಗಿ ಹಿಡಿಯಬಹುದು ಎಂದು ಹೇಳುವವರು ಯಾರು? ಅದು ಇತ್ಯರ್ಥವಾದರೆ ಕ್ಯಾಮೆರಾದ ವಿಷಯ ತಾನಾಗಿ ಸಣ್ಣದಾಗುತ್ತದೆ.

ಮೊದಲು ಸಿನಿಮಾದ ಮೇಲಿನ ದೂರು. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಗೆ ಬಂದ ಮೇಲೆ ಹೊರಗಿನ ಜನ ಹೆಚ್ಚಾದದ್ದು ನಿಜ. 2025ರಲ್ಲಿ ಅದರ ಹಿಂದಿನ ಕಥೆಯ ಚಿತ್ರ ಬಂದಾಗ ಕೆಲವರು ಚಿತ್ರಮಂದಿರದ ಎದುರು, ಬೀದಿಯಲ್ಲಿ ದೈವದ ಹಾಗೆ ಆವೇಶ ಬಂದಂತೆ ಆಡಿದರು. ಹಾಗೆ ಮಾಡಬೇಡಿ ಎಂದು ನಿರ್ಮಾಣ ಸಂಸ್ಥೆಯೇ ಕೇಳಿಕೊಳ್ಳಬೇಕಾಯಿತು. ಆದರೆ ಹೊರಗಿನ ಕಣ್ಣು ತುಳುನಾಡಿನ ದೈವಗಳ ಮೇಲೆ ಬಿದ್ದದ್ದು ಅದೇ ಮೊದಲಲ್ಲ. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನ ಮ್ಯಾನರ್ ಪಾಡ್ದನಗಳನ್ನು (ದೈವಗಳ ಕಥೆ ಹೇಳುವ ತುಳು ಹಾಡುಗಳನ್ನು) ಅಚ್ಚು ಮಾಡಿಸಿದರು. ಬರ್ನೆಲ್ ಎಂಬ ಬ್ರಿಟಿಷ್ ಅಧಿಕಾರಿ ಸಂಗ್ರಹಿಸಿದ ಪಾಡ್ದನಗಳು, ಆಚರಣೆಯ ವಿವರಗಳು ಅವರು ತೀರಿಕೊಂಡ ಮೇಲೆ 1894ರಿಂದ 1897ರವರೆಗೆ ಒಂದು ಇಂಗ್ಲಿಷ್ ನಿಯತಕಾಲಿಕದಲ್ಲಿ ಬಂದವು. ಅದಕ್ಕೆ ಕೊಟ್ಟ ತಲೆಬರಹ ‘ತುಳುವರ ಪಿಶಾಚಿ ಪೂಜೆ’ ಎಂಬ ಅರ್ಥದ್ದು. ಅಂದು ಪಿಶಾಚಿ, ಇಂದು ‘ಗೂಸ್‌ಬಂಪ್ಸ್’. ಎರಡರಲ್ಲೂ ನಿಮ್ಮ ಮನೆಯ ಹೆಸರಿಲ್ಲ, ಕಟ್ಟಿದವರ ಹೆಸರಿಲ್ಲ.

ಒಳಗಿನಿಂದ ಆದ ಬದಲಾವಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ನಂತರ ಗುತ್ತು-ಬರ್ಕೆ ಎಂಬ ಜಮೀನುದಾರ ಮನೆಗಳ ಗೇಣಿ ನಿಂತಿತು. ನೇಮದ ಖರ್ಚು ಹೊರುವುದು ಸಮಿತಿಗಳ ಪಾಲಿಗೆ ಬಂತು. ಆಮೇಲೆ ಮುಂಬೈಯ ಹೋಟೆಲಿನ ಹಣ, ಗಲ್ಫ್ ಹಣ ಬಂತು. ಗುಡಿ ಹೋಗಿ ಕಲ್ಲಿನ ದೈವಸ್ಥಾನ ಆಯಿತು, ತೂಟೆಯ (ಪಂಜಿನ) ಬೆಳಕಿನ ಜಾಗಕ್ಕೆ ಟ್ಯೂಬ್‌ಲೈಟ್, ಈಗ ಬಣ್ಣ ಬದಲಿಸುವ ಎಲ್‌ಇಡಿ. ‘ನಮ್ಮ ನೇಮ ಆಚೆ ಮನೆಯದ್ದಕ್ಕಿಂತ ದೊಡ್ಡದು’ ಎಂಬ ಪೈಪೋಟಿ ರೀಲ್ಸ್‌ಗಿಂತ ಮೊದಲೇ ಇತ್ತು. ರೀಲ್ಸ್ ಅದಕ್ಕೆ ಅಂಕ ಕೊಡುವ ಯಂತ್ರವಾಯಿತು, ಅಷ್ಟೆ.

ಸಿನಿಮಾದಿಂದ ಒಳ್ಳೆಯದೂ ಆಗಿದೆ. ನೇಮ ಎಂದರೆ ನಾಚಿಕೊಳ್ಳುತ್ತಿದ್ದ ಪೇಟೆಯ ಹುಡುಗರು ಈಗ ರಜೆ ಹಾಕಿ ಊರಿಗೆ ಬರುತ್ತಾರೆ. 2022ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಪ್ರಕಟಿಸಿತು. ಆ ಚಿತ್ರದ ಗದ್ದಲ ಇಲ್ಲದಿದ್ದರೆ ಇದು ಇಷ್ಟು ಬೇಗ ಆಗುತ್ತಿತ್ತೇ ಎಂಬುದು ಅನುಮಾನ.

ಹಾಗಾದರೆ ಹಾನಿ ಎಲ್ಲಿ? ಒಂದು ನೇಮದ ರಾತ್ರಿಯನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ದೈವದ ಒಡವೆ, ಆಯುಧಗಳ ಭಂಡಾರ ಇಳಿಯುತ್ತದೆ. ಕಟ್ಟುವವರಿಗೆ ಎಣ್ಣೆಬೂಳ್ಯ (ಮೀಯಲು ಎಣ್ಣೆ, ಜತೆಗೆ ವೀಳ್ಯ) ಕೊಡುತ್ತಾರೆ, ಅವರು ಮಿಂದು ಬರುತ್ತಾರೆ. ಚಪ್ಪರದ ಮೂಲೆಯಲ್ಲಿ ಮಲಗಿಯೋ ಕೂತೋ ಮುಖಕ್ಕೆ ಅರದಾಳದ ಹಳದಿ ಹಚ್ಚಿಸಿಕೊಳ್ಳುವಾಗ, ಪಕ್ಕದಲ್ಲಿ ಅವರ ಮನೆಯ ಹೆಂಗಸು ತೆಂಬರೆ ಎಂಬ ಸಣ್ಣ ಚರ್ಮವಾದ್ಯ ಬಡಿಯುತ್ತ ಆ ದೈವದ ಪಾಡ್ದನ ಹೇಳುತ್ತಾರೆ: ದೈವ ಎಲ್ಲಿ ಹುಟ್ಟಿತು, ಯಾವ ಗಟ್ಟ ಇಳಿಯಿತು, ಯಾವ ಬೀಡಿನಲ್ಲಿ ನಿಂತಿತು, ನಿಮ್ಮ ಮನೆಗೆ ಹೇಗೆ ಬಂತು. ಆಮೇಲೆ ಕಾಲಿಗೆ ಗಗ್ಗರ, ಸೊಂಟಕ್ಕೆ ಎಳೆ ತೆಂಗಿನ ಗರಿಯ ಸಿರಿ, ಬೆನ್ನ ಹಿಂದೆ ದೊಡ್ಡ ಅಣಿ. ಕುಣಿತ. ಕೊನೆಗೆ ನುಡಿ, ಅಂದರೆ ದೈವದ ಮಾತು. ಆ ವರ್ಷದ ಜಾಗದ ತಕರಾರು, ಮುರಿದ ಮದುವೆ, ತಪ್ಪಿದ ಹರಕೆ ಎಲ್ಲವೂ ಅಲ್ಲಿ ಬರುತ್ತದೆ. ಇಡೀ ರಾತ್ರಿ ನಿಂತಿರುವುದು ಒಂದು ಸಂಬಂಧದ ಮೇಲೆ: ಈ ದೈವ, ಈ ಮನೆ, ಈ ಗಡಿ (ಮನೆಯ ಯಜಮಾನಿಕೆಯ ಪಟ್ಟ), ಕಟ್ಟುವ ಈ ಕುಟುಂಬ.

ರೀಲ್ಸ್‌ಗೆ ಬೇಕಾದದ್ದು ಅಣಿ ಹೊತ್ತು ತಿರುಗುವ ಹದಿನೈದು ಸೆಕೆಂಡು, ತೂಟೆಯ ಬೆಂಕಿಯ ಹದಿನೈದು ಸೆಕೆಂಡು. ತೆಂಬರೆ ಹಿಡಿದ ಹೆಂಗಸು ಅದರಲ್ಲಿ ಇರುವುದಿಲ್ಲ. ಮೊದಲ ಮೂರು ಸೆಕೆಂಡಿನಲ್ಲಿ ಬೆರಳು ನಿಲ್ಲಿಸಬೇಕು ಎಂಬುದು ಆ ಮಾಧ್ಯಮದ ಲೆಕ್ಕ. ಹಾಗಾಗಿ ಉಗ್ರವಾದದ್ದು, ವೇಗದ್ದು, ಬೆಂಕಿಯದ್ದು ಮೇಲೆ ಬರುತ್ತದೆ. ತಂಬಿಲ, ಅಗೆಲು ಎಂಬ ಸದ್ದಿಲ್ಲದ ಸೇವೆಗಳಿಗೆ ಅಲ್ಲಿ ಜಾಗವಿಲ್ಲ. ಇದು ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಆದರೆ ಆ ಲೆಕ್ಕ ತಿರುಗಿ ಅಂಗಳಕ್ಕೆ ಬರುತ್ತದೆ. ‘ಪಂಜುರ್ಲಿಯ ಬಣ್ಣ ಸಿನಿಮಾದಲ್ಲಿ ಇದ್ದ ಹಾಗೆ ಬರಲಿ’, ‘ಆ ಕೂಗು ಕೂಗಲಿ’ ಎಂದು ಮನೆಯವರೇ ಕೇಳತೊಡಗುತ್ತಾರೆ. ಮುಖವರ್ಣಿಕೆ, ಅಣಿಯ ಆಕಾರ, ನುಡಿಯ ಧಾಟಿ, ಯಾವುದರ ನಂತರ ಯಾವುದು ಎಂಬ ಕಟ್ಟು (ಕಟ್ಟುಪಾಡು) ಒಂದು ಮಾಗಣೆಯಿಂದ (ಊರುಗಳ ಗುಂಪಿನಿಂದ) ಇನ್ನೊಂದಕ್ಕೆ, ಕೆಲವೊಮ್ಮೆ ಒಂದು ಮನೆಯಿಂದ ಇನ್ನೊಂದಕ್ಕೆ ಬೇರೆ. ಎಲ್ಲ ಕಡೆ ಒಂದೇ ನಮೂನೆ ಕೇಳಿದರೆ ಎರಡು ತಲೆಮಾರಿನಲ್ಲಿ ಆ ವ್ಯತ್ಯಾಸ ಹೋಗುತ್ತದೆ. ಡ್ರೋನ್‌ಗಿಂತ ನಾನು ಹೆದರುವುದು ಇದಕ್ಕೆ. ಡ್ರೋನ್ ಇಳಿಸಬಹುದು, ಬಿಟ್ಟುಹೋದ ಕಟ್ಟನ್ನು ಹೊಸದಾಗಿ ಹುಟ್ಟಿಸಲಾಗದು.

ಚಿತ್ರೀಕರಣ ದೋಷವೇ ಎಂದು ಕೇಳಿದ್ದೀರಿ. ಜಾನಪದ ದಾಖಲಾತಿಯ ಕೆಲಸ ಮಾಡುವವರು ಇದಕ್ಕೆ ಹೌದು, ಅಲ್ಲ ಎಂದು ಹೇಳಬಾರದು. ಟೇಪ್‌ರೆಕಾರ್ಡರ್ ಕಾಲದಿಂದಲೂ ಒಪ್ಪಿದ ಮನೆಗಳಿವೆ, ಇಂದಿಗೂ ಒಪ್ಪದ ಮನೆಗಳಿವೆ. ಒಪ್ಪುವ ಮನೆಯಲ್ಲೂ ಕೆಲವು ಹಂತಗಳು ಮುಚ್ಚಿದ್ದೇ. ಇದಕ್ಕೆ ದಾರಿ ನಿಮ್ಮ ಕಟ್ಟಿನ ಒಳಗೇ ಇದೆ: ನುಡಿಯ ಹೊತ್ತಿಗೆ ಅರಿಕೆ ಮಾಡಿ ದೈವದ ಅಪ್ಪಣೆ ಕೇಳಬಹುದು. ಒಂದೇ ಎಚ್ಚರಿಕೆ: ಮುಂಚೆ ಮಾತಾಡದೆ, ಸಾವಿರ ಜನರ ಎದುರು ಏಕಾಏಕಿ ಈ ಪ್ರಶ್ನೆ ಇಡಬೇಡಿ. ಮನೆಯೊಳಗಿನ ಜಗಳದ ಭಾರವನ್ನು ಕಟ್ಟಿದವರ ತಲೆ ಮೇಲೆ ಹಾಕಿದಂತಾಗುತ್ತದೆ.

ಕಟ್ಟಿದವರ ಮಗ ಫೋನ್ ಮಾಡಿದ್ದನ್ನು ನೀವು ಪತ್ರದ ನಡುವೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನ್ನ ಲೆಕ್ಕದಲ್ಲಿ ಅದೇ ಮೊದಲು ಬರಬೇಕಿತ್ತು. ದೈವ ಕಟ್ಟುವ ಪಂಬದ, ಪರವ, ನಲಿಕೆ ಸಮುದಾಯಗಳು ಪರಿಶಿಷ್ಟ ಜಾತಿಗೆ ಸೇರಿದವು. ತೀರ್ಮಾನ ಮಾಡುವ ಸಮಿತಿಯಲ್ಲಿ ಅವರು ಇರುವುದು ಅಪರೂಪ. ‘ನಮ್ಮ ಸಂಸ್ಕೃತಿ ಹಾಳಾಯಿತು’ ಎಂದು ಸಮಿತಿ ಹೇಳುವಾಗ, ಅರ್ಧ ಬಣ್ಣ ಹಚ್ಚಿದ ಮುಖ ಯಾರದ್ದೋ ಫೋನಿನಲ್ಲಿ ತಮಾಷೆಯಾಗಿ ಓಡಾಡುತ್ತಿರುವುದು ಅವರದ್ದು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅವರಿಗೆ ಕುರ್ಚಿ ಇದೆಯೇ ಎಂಬುದನ್ನೂ ಈ ಚರ್ಚೆಯ ಜತೆಗೇ ನೋಡಿಕೊಳ್ಳಿ. ಹಾಗಾಗಿ ನೇಮದ ದಿನ ಗೊತ್ತುಮಾಡಿ ವೀಳ್ಯ ಕೊಡಲು ಹೋದಾಗಲೇ ಚಿತ್ರೀಕರಣದ ಮಾತೂ ಮುಗಿಯಬೇಕು. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು, ದುಬೈಯವರು ಎಷ್ಟೇ ಕೇಳಲಿ.

ಕಾನೂನು

ಇಲ್ಲಿ ತಪ್ಪು ಕಲ್ಪನೆ ಬಹಳ. ನಿಮ್ಮ ದೈವಕ್ಕೋ ನೇಮಕ್ಕೋ ‘ಕಾಪಿರೈಟ್ ಮಾಡಿಸಲು’ ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಜನಪದ ಆಚರಣೆಯನ್ನು ಯಾರ ಸ್ವತ್ತೆಂದೂ ಗುರುತಿಸುವುದಿಲ್ಲ. ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ದಾರಿಯಲ್ಲ. ಅದು ಮಟ್ಟುಗುಳ್ಳ, ಉಡುಪಿ ಮಲ್ಲಿಗೆಯಂಥ ಸರಕುಗಳಿಗೆ. ಯುನೆಸ್ಕೋ ಪಟ್ಟಿಗೆ ಸೇರಿದರೂ ನಿಮ್ಮ ಅಂಗಳಕ್ಕೆ ಬಂದ ಚಾನೆಲ್‌ನವರನ್ನು ಅದು ತಡೆಯದು, ಬಹುಶಃ ಇನ್ನಷ್ಟು ಜನರನ್ನು ಕಳಿಸುತ್ತದೆ.

ನಿಮ್ಮ ಕೈಯಲ್ಲಿ ಇರುವುದು ಮೂರು ಹಿಡಿತಗಳು.

ಮೊದಲನೆಯದು ಜಾಗ. ಅಂಗಳ ನಿಮ್ಮ ಖಾಸಗಿ ಸ್ಥಳವಾದರೆ ಕ್ಯಾಮೆರಾ ತರಬಾರದೆಂಬ ಷರತ್ತಿನ ಮೇಲೆ ಒಳಗೆ ಬಿಡುವ ಹಕ್ಕು ನಿಮ್ಮದು. ಊರಿನ ದೈವಸ್ಥಾನವಾದರೆ ಆಡಳಿತ ಸಮಿತಿ ನಿರ್ಣಯ ಬರೆದು ಫಲಕ ಹಾಕಬೇಕು.

ಎರಡನೆಯದು ಕಟ್ಟಿದವರ ಹಕ್ಕು. ಅದೇ ಕಾಯ್ದೆಯ 38ನೇ ಸೆಕ್ಷನ್ ಪ್ರದರ್ಶನ ಕೊಡುವವರಿಗೆ 50 ವರ್ಷದ ಹಕ್ಕು ಕೊಡುತ್ತದೆ. 38ಎ ಪ್ರಕಾರ ದಾಖಲಿಸಲು ಅವರ ಒಪ್ಪಿಗೆ ಬೇಕು. 38ಬಿ ಪ್ರಕಾರ ತನ್ನ ಹೆಸರು ಹೇಳಬೇಕು ಎನ್ನಬಹುದು, ತನ್ನ ಮರ್ಯಾದೆಗೆ ಕುಂದು ಬರುವಂತೆ ತಿರುಚಿದರೆ ಆಕ್ಷೇಪಿಸಬಹುದು. ದೈವ ಕಟ್ಟುವುದನ್ನು ‘ಪ್ರದರ್ಶನ’ ಎನ್ನಲು ನಿಮಗೂ ಅವರಿಗೂ ಮನಸ್ಸು ಬಾರದೇ ಇರಬಹುದು. ವಕೀಲರ ಬಳಿ ಹೋದಾಗ ಮಾತ್ರ ಆ ಪದ ಬೇಕಾಗುತ್ತದೆ. ಗಮನಿಸಿ, ಈ ಹಿಡಿತ ಅವರದ್ದು, ನಿಮ್ಮದಲ್ಲ. ಇನ್ನೊಂದು: ಸಿನಿಮಾದಲ್ಲೋ ಸಾಕ್ಷ್ಯಚಿತ್ರದಲ್ಲೋ ಬಳಸಲು ಲಿಖಿತವಾಗಿ ಒಪ್ಪಿ ಸಹಿ ಹಾಕಿದ ಮೇಲೆ ಆ ಬಳಕೆಯನ್ನು ತಡೆಯುವುದು ಬಹಳ ಕಷ್ಟ. ಓದಿ ಹೇಳುವವರಿಲ್ಲದೆ ಯಾರೂ ಸಹಿ ಹಾಕದಿರಲಿ.

ಮೂರನೆಯದು ವಿಡಿಯೊದ ಒಡೆತನ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ನೀವು ಹಣ ಕೊಟ್ಟು ವಿಡಿಯೊದವರನ್ನು ಕರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, 17ನೇ ಸೆಕ್ಷನ್ ಪ್ರಕಾರ ಅದರ ಮೊದಲ ಒಡೆಯರು ನೀವು. ‘ಹಣ ಬೇಡ, ನಮ್ಮ ಚಾನೆಲ್‌ಗೆ ಹಾಕಿಕೊಳ್ಳುತ್ತೇವೆ’ ಎಂದು ಬಂದವರು ತೆಗೆದದ್ದು ಅವರದ್ದೇ. ಬಿಟ್ಟಿಯ ವಿಡಿಯೊ ಬಹಳ ದುಬಾರಿ. ಅವರ ತುಣುಕನ್ನೇ ನಿಮ್ಮ ಕುಟುಂಬದ ಪುಟಕ್ಕೆ ಹಾಕಿದರೆ ಕಾಪಿರೈಟ್ ದೂರು ಬರುವುದು ನಿಮ್ಮ ಮೇಲೆ.

‘ನಮ್ಮ ದೈವದಿಂದ ಅವನು ಲಕ್ಷ ದುಡಿದ’ ಎಂಬ ಸಿಟ್ಟೂ ಸಾಮಾನ್ಯ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳ ಜತೆಗೆ ಒಂದು ವರ್ಷದಲ್ಲಿ 4,000 ಗಂಟೆಯ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಆಗಿರಬೇಕು. ಊರಿನ ಹುಡುಗರ ಬಹಳಷ್ಟು ಚಾನೆಲ್‌ಗಳು ಆ ಗೆರೆ ದಾಟುವುದೇ ಕಷ್ಟ. ಅದರ ಮೇಲೆ ಸಿನಿಮಾ ಹಾಡು ಹಾಕಿದ ವಿಡಿಯೊದ ಆದಾಯ ಹಾಡಿನ ಒಡೆಯರಿಗೇ ಹೋಗಬಹುದು. ಹುಡುಗರಿಗೆ ಬೇಕಿರುವುದು ಲೈಕ್. ಇದು ಗೊತ್ತಿದ್ದರೆ ಮಾತುಕತೆ ಸುಲಭ.

ಈಗ ಓಡಾಡುತ್ತಿರುವ ತುಣುಕಿಗೆ ಹೀಗೆ ಮಾಡಿ. ಲಿಂಕ್, ಚಾನೆಲ್ ಹೆಸರು, ಹಾಕಿದ ದಿನಾಂಕ ಬರೆದಿಟ್ಟು ಸ್ಕ್ರೀನ್‌ಶಾಟ್ ತೆಗೆಯಿರಿ. ಕೆಳಗೆ ಸಿಟ್ಟಿನ ಕಾಮೆಂಟ್ ಬೇಡ, ಫಾರ್ವರ್ಡ್ ಬೇಡ. ಬೈಗುಳವೂ ಅಲ್ಲಿ ಗೊಬ್ಬರವೇ, ಕಾಮೆಂಟ್ ಹೆಚ್ಚಿದಷ್ಟೂ ವಿಡಿಯೊ ಹರಡುತ್ತದೆ. ಹಾಕಿದವನನ್ನು ಗುರುತು ಹಿಡಿದು, ಊರಿನವರ ಮೂಲಕ ಫೋನ್‌ನಲ್ಲಿ ಮಾತಾಡಿ. ‘ಕಟ್ಟಿದವರಿಗೆ ಬೇಸರವಾಗಿದೆ, ತೆಗೆಯಪ್ಪ’ ಎಂದರೆ ಎಷ್ಟೋ ಜನ ತೆಗೆಯುತ್ತಾರೆ. ಕೇಸು, ಪೊಲೀಸು ಎಂದು ಶುರು ಮಾಡಿದರೆ ಅದೇ ಇನ್ನೊಂದು ವಿಡಿಯೊ ಆಗುತ್ತದೆ. ಒಪ್ಪದಿದ್ದರೆ ಯೂಟ್ಯೂಬ್‌ನ ಖಾಸಗಿತನದ ದೂರಿನ ಫಾರ್ಮ್ ಇದೆ. ಮುಖ ಕಾಣುವ ವ್ಯಕ್ತಿಯೇ, ಅಂದರೆ ಕಟ್ಟಿದವರೇ ಸಲ್ಲಿಸಬೇಕು, ನೀವು ಅವರ ಪರವಾಗಿ ಹಾಕಿದರೆ ತಳ್ಳಿಹಾಕುವ ಸಂಭವ ಹೆಚ್ಚು. ಪೂರ್ತಿ ಬಣ್ಣ ಬಳಿದ ಮುಖ ಗುರುತು ಸಿಗುವುದಿಲ್ಲ ಎಂಬ ಉತ್ತರವೂ ಬರಬಹುದು. ಅರ್ಧ ಬಣ್ಣದ ದೃಶ್ಯವಾದರೆ ದೂರು ಗಟ್ಟಿ. ಕಾಪಿರೈಟ್ ಫಾರ್ಮ್ ತುಂಬಬೇಡಿ. ವಿಡಿಯೊ ನಿಮ್ಮದಲ್ಲದಿದ್ದರೆ ಅದು ಸುಳ್ಳು ಘೋಷಣೆಯಾಗುತ್ತದೆ.

ಮುಂದಿನ ನೇಮಕ್ಕೆ

ಪೂರ್ತಿ ನಿಷೇಧ ಮಾವನವರ ದಾರಿ. ಇನ್ನೂರು ಜನರ ನೇಮದಲ್ಲಿ ಇದು ನಡೆಯುತ್ತದೆ. ಸಾವಿರ ಜನರಲ್ಲಿ ಕಾವಲಿಗೆ ಹದಿನೈದು ಇಪ್ಪತ್ತು ಸ್ವಯಂಸೇವಕರಾದರೂ ಬೇಕು, ಅವರೇ ಫೋನ್ ಹಿಡಿಯದವರಾಗಿರಬೇಕು. ಕೈಯಿಂದ ಫೋನ್ ಕಸಿದರೆ ಹೊಡೆದಾಟ. ಕದ್ದು ತೆಗೆದ ಅಲುಗಾಡುವ ತುಣುಕೇ ಕೊನೆಗೆ ಹೊರಜಗತ್ತಿಗೆ ನಿಮ್ಮ ನೇಮದ ಏಕೈಕ ದಾಖಲೆಯಾಗಿ ಉಳಿಯುವ ಅಪಾಯವೂ ಇದೆ.

ಸಾರ್ವಜನಿಕ ಲೈವ್ ಇನ್ನೊಂದು ತುದಿ, ಮತ್ತು ನನ್ನ ಸ್ಪಷ್ಟ ಸಲಹೆ: ಬೇಡ. ಕಾರಣ ನುಡಿ. ‘ಮೂಡು ದಿಕ್ಕಿನ ಮನೆಯ ಎರಡನೆಯ ಮಗಳ ಸಂಸಾರ’ ಎಂದು ದೈವ ಹೇಳಿದರೆ ಊರಿಗೆ ಯಾರೆಂದು ಗೊತ್ತು. ಅದು ಅಂಗಳದ ಮಾತು, ಅಂಗಳದಲ್ಲೇ ಪರಿಹಾರವಾಗಬೇಕಾದದ್ದು. ಲೈವ್‌ನಲ್ಲಿ ಹೋದ ಮಾತನ್ನು ಹಿಂದಕ್ಕೆ ಕರೆಯಲಾಗದು. ಜಾಗದ ತಕರಾರು ಕೋರ್ಟಿನಲ್ಲಿದ್ದರಂತೂ ಕೇಳುವುದೇ ಬೇಡ. ತಾಂತ್ರಿಕ ತೊಡಕೂ ಉಂಟು: ವಾದ್ಯದವರು ನಡುವೆ ಸಿನಿಮಾ ಹಾಡು ನುಡಿಸಿದರೆ ಕಾಪಿರೈಟ್ ಗುರುತು ತಗಲಿ ಲೈವ್ ನಿಂತೇ ಹೋಗಬಹುದು. ಕೋಳಿ ಕೊಯ್ಯುವ ದೃಶ್ಯ ಬಂದರೆ ಚಾನೆಲ್ ಮೇಲೆಯೇ ಕ್ರಮ ಆಗಬಹುದು.

ನಡುವಿನ ದಾರಿ ಎಂದರೆ ಮನೆಯವರದ್ದೇ ಒಂದು ಕ್ಯಾಮೆರಾ, ಒಪ್ಪಿದ ಹಂತಗಳಷ್ಟೇ. ಬಹಳಷ್ಟು ಮನೆಗಳಿಗೆ ಹೊಂದುವುದು ಇದು. ತೆರೆದ ಹಂತ: ಭಂಡಾರ ಬರುವುದು (ಮನೆಯ ಕಟ್ಟು ಒಪ್ಪಿದರೆ), ಅಣಿ ಏರಿದ ಮೇಲಿನ ಕುಣಿತ, ಗಂಧಪ್ರಸಾದದ ಸಾಲು. ಮುಚ್ಚಿದ ಹಂತ: ಬಣ್ಣ ಹಾಕುವುದು, ಗಗ್ಗರ ಕಟ್ಟುವುದು, ಆವೇಶ ಬರುವ ಕ್ಷಣ, ನುಡಿ, ಒಬ್ಬೊಬ್ಬರ ಅರಿಕೆ. ಈ ಪಟ್ಟಿ ಮಾದರಿ ಮಾತ್ರ, ನಿಮ್ಮ ಗಡಿ ಹಿಡಿದವರು ಮತ್ತು ಕಟ್ಟುವವರು ಕೂತು ಬದಲಿಸಬೇಕಾದದ್ದು. ಮುಚ್ಚಿದ ಹಂತ ಶುರುವಾಗುವಾಗ ಕ್ಯಾಮೆರಾದವರೇ ಮೊದಲು ಲೆನ್ಸ್ ಮುಚ್ಚಿ ಸ್ಟ್ಯಾಂಡ್ ಕೆಳಗಿಳಿಸಲಿ. ಅದನ್ನು ನೋಡಿದ ಮೇಲೆ ಮೈಕಿನಲ್ಲಿ ‘ಮೊಬೈಲ್ ಕಿಸೆಟ್ ದೀಲೆ’ (ಮೊಬೈಲ್ ಕಿಸೆಯಲ್ಲಿಡಿ) ಎಂದರೆ ಜನ ಕೇಳುತ್ತಾರೆ. ಕಾಗದದ ಫಲಕ ಗೇಟಿನಲ್ಲಿ ಇರಲಿ, ಆದರೆ ಕೆಲಸ ಮಾಡುವುದು ತುಳುವಿನಲ್ಲಿ ಹೇಳಿದ ಆ ಮಾತೇ. ‘ಒಳ್ಳೆಯ ವಿಡಿಯೊ ಮನೆಯವರು ಆಮೇಲೆ ಕೊಡುತ್ತಾರೆ’ ಎಂದು ಜತೆಗೆ ಹೇಳಿದರೆ ಕದ್ದು ತೆಗೆಯುವ ಆಸೆಯೂ ಅರ್ಧ ಇಳಿಯುತ್ತದೆ. ಡ್ರೋನ್ ಬೇಡವೇ ಬೇಡ: ರೆಕ್ಕೆಯ ಗಾಳಿಗೆ ತೂಟೆಯ ಕಿಡಿ ಹಾರುತ್ತದೆ, ಸುತ್ತ ಒಣ ತೆಂಗಿನ ಗರಿಯ ಚಪ್ಪರ.

ದುಬೈ, ಮುಂಬೈಯವರಿಗೆ ತೆರೆದ ಹಂತವನ್ನು ಮನೆಯವರಿಗಷ್ಟೇ ಕಾಣುವ ಲೈವ್‌ನಲ್ಲಿ ತೋರಿಸಬಹುದು. ಇದರಲ್ಲಿ ಎಡವುವ ಜಾಗಗಳು ಬೇಕಾದಷ್ಟಿವೆ. ಯೂಟ್ಯೂಬ್‌ನಲ್ಲಿ ‘ಅನ್‌ಲಿಸ್ಟೆಡ್’ ಎಂದರೆ ಗುಟ್ಟಲ್ಲ, ಲಿಂಕ್ ಸಿಕ್ಕವರೆಲ್ಲ ನೋಡಬಹುದು. ‘ಪ್ರೈವೇಟ್’ ಇಟ್ಟು ಒಬ್ಬೊಬ್ಬರ ಇಮೇಲ್ ಸೇರಿಸಬೇಕು. ಹೊಸ ಚಾನೆಲ್‌ನಲ್ಲಿ ಮೊದಲ ಬಾರಿ ಲೈವ್ ಸೌಲಭ್ಯ ತೆರೆಯಲು 24 ಗಂಟೆಯವರೆಗೆ ಹಿಡಿಯುತ್ತದೆ, ಮೊಬೈಲ್‌ನಿಂದ ಮಾಡಲು 50 ಸಬ್‌ಸ್ಕ್ರೈಬರ್ ಬೇಕು. ನೇಮದ ಸಂಜೆ ಇದು ಗೊತ್ತಾದರೆ ಪ್ರಯೋಜನವಿಲ್ಲ. ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ, ಗೂಗಲ್ ಮೀಟ್‌ನ ಉಚಿತ ಗುಂಪುಸಭೆ 60 ನಿಮಿಷಕ್ಕೆ ಮುಗಿಯುತ್ತದೆ. ಸೆಕೆಂಡಿಗೆ 3 ಮೆಗಾಬಿಟ್ ಕಳಿಸಿದರೆ ಗಂಟೆಗೆ ಸುಮಾರು 1.35 ಜಿಬಿ ಖರ್ಚು, ದಿನಕ್ಕೆ 2 ಜಿಬಿಯ ಪ್ಯಾಕ್ ಒಂದೂವರೆ ಗಂಟೆಗೆ ಖಾಲಿ. ಸಾವಿರ ಜನ ಸೇರಿದಾಗ ಒಂದೇ ಟವರ್‌ನ ಮೇಲೆ ಒತ್ತಡ ಬೀಳುತ್ತದೆ. ಹಗಲು ಪರೀಕ್ಷಿಸಿದಾಗ ಸಿಕ್ಕ ವೇಗ ರಾತ್ರಿ ಹನ್ನೊಂದಕ್ಕೆ ಸಿಗದು. ಬ್ರಾಡ್‌ಬ್ಯಾಂಡ್ ತಂತಿ ಇರುವ ಮನೆಯಿಂದಲೇ ಕಳಿಸಿ. ಆದರೂ ಯಾರೋ ಒಬ್ಬರು ಪರದೆಯನ್ನು ರೆಕಾರ್ಡ್ ಮಾಡಿ ಫಾರ್ವರ್ಡ್ ಮಾಡಿಯೇ ಮಾಡುತ್ತಾರೆ ಎಂದುಕೊಂಡೇ ಏನು ತೋರಿಸಬೇಕೆಂದು ನಿರ್ಧರಿಸಿ.

ಕ್ಯಾಮೆರಾದವರಿಗೆ ಮುಂಚೆ ಹೇಳಬೇಕಾದ್ದು: ಫ್ಲ್ಯಾಶ್, ಮುಖಕ್ಕೆ ಬಿಡುವ ದೀಪ ಬೇಡ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಶಟರ್ 1/50ಕ್ಕೆ ಇಟ್ಟರೆ ಎಲ್‌ಇಡಿಯ ಮಿಣುಕು ಕಡಿಮೆ. ಬೆಳಕಿನ ಹೊಂದಾಣಿಕೆ ಆಟೋದಲ್ಲಿದ್ದರೆ ತೂಟೆ ಬಂದೊಡನೆ ಮುಖ ಕಪ್ಪಾಗುತ್ತದೆ, ಕೈಯಲ್ಲೇ ಹಿಡಿತ ಇಟ್ಟುಕೊಳ್ಳಲಿ. ಮೂಲ ಫೈಲ್‌ಗಳೆಲ್ಲ ಮನೆಗೆ ಬರಬೇಕು, ತಮ್ಮ ಚಾನೆಲ್‌ಗೆ ಹಾಕಬಾರದು ಎಂದು ಎರಡು ಸಾಲು ಬರೆದು ಸಹಿ ಮಾಡಿಸಿ ಆಮೇಲೆ ಮುಂಗಡ ಕೊಡಿ.

ಹುಡುಗನ ಮಾತು

‘ಸಿನಿಮಾದಲ್ಲಿ ಚೆನ್ನಾಗಿತ್ತು’ ಅಂದದ್ದರಲ್ಲಿ ಅವನ ತಪ್ಪಿಲ್ಲ. ಹತ್ತಾರು ಕ್ಯಾಮೆರಾ, ತಿಂಗಳುಗಟ್ಟಲೆ ಸಂಕಲನ, ಕಟ್ಟಿದ ಸಂಗೀತದ ಜತೆ ನಿಮ್ಮ ಅಂಗಳದ ಟ್ಯೂಬ್‌ಲೈಟ್ ಪೈಪೋಟಿ ಮಾಡಲಾರದು, ಮಾಡಬೇಕಾಗಿಯೂ ಇಲ್ಲ. ಅವನಿಗೆ ಗೊತ್ತಿಲ್ಲದ್ದು ಒಂದೇ: ಸಿನಿಮಾದ ಕಥೆ ಬೇರೆ, ನಿಮ್ಮ ಮನೆಯ ಪಂಜುರ್ಲಿಯ ಕಥೆ ಬೇರೆ. ಅದನ್ನು ಅವನಿಗೆ ಯಾರೂ ಹೇಳಿಲ್ಲ, ಏಕೆಂದರೆ ಪಾಡ್ದನ ಹೇಳುವ ಹೊತ್ತಿಗೆ ಅವನು ಐಸ್‌ಕ್ರೀಂ ಗಾಡಿಯ ಹತ್ತಿರ ಇರುತ್ತಾನೆ, ಮನೆಯ ದೊಡ್ಡವರು ಊಟದ ಪಂಕ್ತಿಯಲ್ಲಿ. ಬುದ್ಧಿ ಹೇಳಬೇಡಿ, ಕೆಲಸ ಕೊಡಿ. ಒಂದು ನೋಟ್‌ಬುಕ್ಕಿನಲ್ಲಿ ಮನೆಯ ದೈವಗಳ ಹೆಸರು, ದೈವದ ಮಂಚ ಎಲ್ಲೆಲ್ಲಿ ಇದೆ, ಭಂಡಾರ ಯಾವ ದಾರಿಯಲ್ಲಿ ಬರುತ್ತದೆ, ಯಾವ ಕೆಲಸ ಯಾವ ಮನೆಯದ್ದು ಎಂದು ಅಜ್ಜನನ್ನು ಕೇಳಿ ಬರೆಯಲಿ, ನಕ್ಷೆ ಹಾಕಲಿ. ಆಮೇಲೆ ಸಿನಿಮಾದ ಜತೆ ತಾನೇ ಹೋಲಿಸಲಿ. ನಿಮ್ಮ ಮನೆಯ ಕಟ್ಟಿನ ಮೊದಲ ಲಿಖಿತ ದಾಖಲೆಯೂ ಅದೇ ಆದೀತು. ನಾಳೆ ಯಾರಾದರೂ ‘ಸಿನಿಮಾದ ಹಾಗೆ’ ಎಂದರೆ ತೆಗೆದು ತೋರಿಸಲು ಒಂದು ಪುಟ ಇರುತ್ತದೆ.

ಪಾಡ್ದನವನ್ನು ಮಾತ್ರ ನೇಮದ ರಾತ್ರಿ ದಾಖಲಿಸಲು ಹೋಗಬೇಡಿ. ತಾಸೆ, ನಾಗಸ್ವರ, ಜನರೇಟರ್ ಸೇರಿದರೆ ತೆಂಬರೆಯೂ ಕೇಳದು, ಪದವೂ ಕೇಳದು. ನಿಮ್ಮದೇ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ, ಸಿರಿ ಎಂಬ ಹೆಣ್ಣಿನ ಕಥೆಯ ತುಳು ಕಾವ್ಯ ಇದಕ್ಕೆ ಒಳ್ಳೆಯ ಮಾದರಿ. 1990ರಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ತಂಡ ಅದನ್ನು ಹಾಡುಗಾರರ ಜತೆ ಕೂತು, ಅವರ ವೇಗಕ್ಕೆ ತಕ್ಕಂತೆ ದಾಖಲಿಸಿತು. 15,683 ಸಾಲು. 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ಹೊರಜಗತ್ತು ಬಂದಿತ್ತು, ಆದರೆ ಹಾಡಿದವರ ಹೆಸರು ಪುಸ್ತಕದ ಮೇಲೇ ಇದೆ.

ನಿಮಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಒಂದು ಹಗಲು ಪಾಡ್ದನ ಹೇಳುವವರ ಮನೆಗೇ ಹೋಗಿ, ಆ ದಿನದ ಕೂಲಿಗಿಂತ ಕಡಿಮೆ ಇಲ್ಲದ ಗೌರವಧನ ಮೊದಲೇ ಕೊಡಿ. ಫ್ಯಾನ್ ಆರಿಸಿ, ರೆಕಾರ್ಡರನ್ನು ಬಾಯಿಯಿಂದ ಒಂದೂವರೆ ಅಡಿ ದೂರ, ತೆಂಬರೆಯ ಎದುರಲ್ಲದೆ ಸ್ವಲ್ಪ ಓರೆಯಾಗಿ ಇಡಿ. ಡಬ್ಲ್ಯುಎವಿ ರೂಪ, 48 ಕಿಲೊಹರ್ಟ್ಸ್, 24 ಬಿಟ್. ಏರುದನಿಗೆ ಮಾಪಕದ ಮುಳ್ಳು -12 ಡೆಸಿಬಲ್ ದಾಟದಿರಲಿ. ಶುರುವಿನಲ್ಲಿ ಅವರ ಹೆಸರು, ಊರು, ಯಾರಿಂದ ಕಲಿತದ್ದು, ಇದನ್ನು ಯಾರು ಕೇಳಬಹುದು, ಯಾರು ಕೇಳಬಾರದು ಎಂಬುದನ್ನು ತುಳುವಿನಲ್ಲೇ ಅವರ ಬಾಯಿಂದ ಹೇಳಿಸಿ. ಕಾಗದಕ್ಕಿಂತ ಆ ಒಪ್ಪಿಗೆ ಗಟ್ಟಿ. ಕೆಲವು ಪಾಡ್ದನಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಹೇಳುವುದಿಲ್ಲ ಎಂದರೆ ಒತ್ತಾಯ ಬೇಡ, ಎದ್ದು ಬನ್ನಿ. ಪ್ರತಿ ಮೂರು: ಒಂದು ಅವರ ಮನೆಗೆ, ಒಂದು ನಿಮ್ಮಲ್ಲಿ, ಒಂದು ಬೇರೆ ಊರಿನಲ್ಲಿ. ಅವರು ಒಪ್ಪಿದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿರುವ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವನ್ನೂ ವಿಚಾರಿಸಿ.

ದೀಪಾವಳಿಯಿಂದ ಪತ್ತನಾಜೆಯವರೆಗೆ (ಮೇ ಕೊನೆಯ ಹೊತ್ತಿಗೆ ನೇಮದ ಋತು ಮುಗಿಯುವ ದಿನ) ಅವರಿಗೆ ರಾತ್ರಿ ನಿದ್ದೆಯೇ ಇರುವುದಿಲ್ಲ, ಹಗಲು ಕರೆದರೆ ಗಂಟಲೂ ಬಿದ್ದಿರುತ್ತದೆ. ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ, ಹಂಚಿನ ಮೇಲೆ ಹನಿ ಬೀಳದ ಒಂದು ಮಧ್ಯಾಹ್ನ ನೋಡಿ ಹೋಗಿ. ಹುಡುಗನನ್ನೂ ಕರೆದುಕೊಂಡು ಹೋಗಿ, ರೆಕಾರ್ಡರ್ ಅವನ ಕೈಯಲ್ಲಿರಲಿ.